ಬಡಗಿ ತನ್ನ ಮನೆಗೆ ಹಾಕಿದ ಚಿಲಕ

ಆ ಬೀದಿಯ ದೊಡ್ಡ ಮನೆಗಳೆಲ್ಲ ಚಿಕ್ಕವಾದದ್ದಕ್ಕೆ ಈ ಬಡಗಿಯೇ ಕಾರಣ. ಮನೆಯ ಹಾಲ್‌ನ ನಡುವೆ ಪ್ಲೈವುಡ್ ನಿಲ್ಲಿಸಿ ಒಂದು ಕೋಣೆಯನ್ನು ಎರಡು ಮಾಡುವುದರಲ್ಲಿ ಅವನದು ಎತ್ತಿದ ಕೈ. ಮಗನಿಗೆ ಮದುವೆಯಾಯಿತೆಂದರೆ ಅವನಿಗೆ ಕರೆ ಹೋಗುತ್ತಿತ್ತು, ಮಗಳು ಗಂಡನ ಮನೆ ಬಿಟ್ಟು ಬಂದಳೆಂದರೂ ಹೋಗುತ್ತಿತ್ತು, ಮುಂದಿನ ಕೋಣೆಯನ್ನು ಬಾಡಿಗೆಗೆ ಬಿಡುವುದಾದರಂತೂ ಅವನೇ ಬೇಕು. ಟೇಪು ಬಿಚ್ಚುವ ಮೊದಲು ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳುತ್ತಿದ್ದ: ಯಾರು ಎಲ್ಲಿ ಮಲಗುತ್ತೀರಿ, ಯಾರಿಗೆ ಬೇಗ ಎಚ್ಚರವಾಗುತ್ತದೆ, ಯಾರಿಗೆ ಕೆಮ್ಮು? ಇವನೇನು ಬಡಗಿಯೋ ಡಾಕ್ಟರೋ ಎಂದು ಜನ ನಗುತ್ತಿದ್ದರು.

ಅವನ ಮನೆಯಲ್ಲಿ ಅವನು, ಹೆಂಡತಿ, ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಮಗಳು, ಮತ್ತೆ ಅಣ್ಣ. ಅಣ್ಣ ಬಸ್ ಡ್ರೈವರಾಗಿ ನಿವೃತ್ತನಾದವನು, ಮದುವೆಯಾಗದವನು. ತಂದೆ ಹೋದಾಗ ತಮ್ಮನಿನ್ನೂ ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಿನವನು. ಅವನನ್ನು ಓದಿಸಲು ನೋಡಿ, ಅದು ತಲೆಗೆ ಹತ್ತದಿದ್ದಾಗ ಬೈಯದೆ ಉಳಿ ಸುತ್ತಿಗೆ ಕೊಡಿಸಿದವನು ಅಣ್ಣನೇ. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಬಸ್ ನಿಲ್ಲಿಸೋಕೆ ಪುರುಸೊತ್ತು ಸಿಗಲಿಲ್ಲ ಕಣ್ರೀ" ಎನ್ನುತ್ತಿದ್ದ. ಹಾಲಿನಲ್ಲಿ ಕಿಟಕಿಯ ಪಕ್ಕದ ಮಂಚ ಅವನದು. ನಿವೃತ್ತಿಯಾದ ಮೇಲೆ ಹೊತ್ತು ಹೋಗಲೆಂದು ತಮ್ಮನ ಜೊತೆ ಕೆಲಸಕ್ಕೂ ಹೋಗಿ ಹಲಗೆಯ ಇನ್ನೊಂದು ತುದಿ ಹಿಡಿಯುತ್ತಿದ್ದ. ಹಿಡಿದು ಹಿಡಿದು ಆ ಕಸುಬಿನ ಒಳಗುಟ್ಟೆಲ್ಲ ಅವನಿಗೂ ಗೊತ್ತಾಗಿತ್ತು.

ಮಗಳು ಮಲಗುತ್ತಿದ್ದದ್ದೂ ಅದೇ ಹಾಲಿನ ಹಿಂದಿನ ಮೂಲೆಯಲ್ಲಿ. ಬಟ್ಟೆ ಬದಲಿಸಬೇಕೆಂದರೆ ಅಡುಗೆಮನೆ, ಫೋನಿನಲ್ಲಿ ಎರಡು ಮಾತಾಡಬೇಕೆಂದರೆ ಮಹಡಿ ಮೆಟ್ಟಿಲು. "ಊರಿಗೆಲ್ಲ ಕೋಣೆ ಮಾಡಿಕೊಡ್ತೀರಿ, ಬೆಳೆದ ಮಗಳಿಗೊಂದು ಮೂಲೆ ಮಾಡಿಕೊಡೋಕಾಗಲ್ವಾ?" ಎಂದು ಹೆಂಡತಿ ಚುಚ್ಚಿದಳು. ಮಾತು ನಾಟಿತು. ಅಣ್ಣ ತನ್ನ ಬಸ್ಸಿನ ಹಳೆಯ ಕಂಡಕ್ಟರನನ್ನು ನೋಡಲು ಹೋಗಿ ನಾಲ್ಕು ದಿನ ಇದ್ದು ಬರುವಷ್ಟರಲ್ಲಿ ಬಡಗಿ ಹಾಲಿಗೆ ಅಡ್ಡಗೋಡೆ ನಿಲ್ಲಿಸಿ, ಬಾಗಿಲಿಟ್ಟು, ಪಾಲಿಶ್ ಹೊಡೆದು ಮುಗಿಸಿದ್ದ. ಮುಂದಿನ ಭಾಗ ಅಣ್ಣನಿಗೆ, ಹಿಂದಿನದು ಮಗಳಿಗೆ. ಗಂಡ ಹೆಂಡತಿ ಮಲಗುತ್ತಿದ್ದ ಅಡುಗೆಮನೆ, ಬಾತ್‌ರೂಮು ಎರಡೂ ಹಿಂದಿನ ಕಡೆಗೇ ಇದ್ದವು. ಈ ಸಲ ಅವನು ಯಾರನ್ನೂ ಏನೂ ಕೇಳಲಿಲ್ಲ. ತನ್ನ ಮನೆ ತನಗೆ ಗೊತ್ತಿಲ್ಲವೇ!

ಚಿಲಕವನ್ನು ಮಗಳ ಕಡೆಗೆ ಹಾಕಿದ. ಯೋಚಿಸಿ ಹಾಕಿದ್ದಲ್ಲ. ಬಾಡಿಗೆಗೆ ಕೊಡುವ ಮನೆಗಳಲ್ಲಿ ಚಿಲಕ ಯಾವಾಗಲೂ ಮಾಲೀಕರ ಕಡೆಗಿರುತ್ತದೆ. ಬಾಡಿಗೆಯವರು ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ಬರಬಾರದಲ್ಲ. ಅಂಥ ಬಾಗಿಲುಗಳನ್ನು ಮಾಡಿ ಮಾಡಿ ಕೈಗೆ ಅದೇ ರೂಢಿಯಾಗಿತ್ತು. ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತು, ತಲೆ ಅತ್ತ ತಿರುಗಿಯೂ ನೋಡಲಿಲ್ಲ.

ಅಣ್ಣ ಬಂದು ಬಾಗಿಲನ್ನು ತೆಗೆದು, ಹಾಕಿ ನೋಡಿದ. ಚಿಲಕದ ಮೇಲೆ ಬೆರಳಾಡಿಸಿದ. "ಕೆಲಸ ಚೊಕ್ಕವಾಗಿದೆ ಕಣೋ" ಅಂದ. ತಮ್ಮ ಹಿರಿಹಿರಿ ಹಿಗ್ಗಿದ.

ಮಗಳು ದಿನಾ ಚಿಲಕ ಹಾಕಿ ಮಲಗತೊಡಗಿದಳು. ಚಿಲಕ ಇದ್ದ ಮೇಲೆ ಹಾಕುವುದೇ ತಾನೆ. ಅಣ್ಣ ಸಂಜೆಯ ಮೇಲೆ ನೀರು ಕುಡಿಯುವುದನ್ನು ಬಿಟ್ಟ. ಎಲ್ಲರಿಗಿಂತ ಮೊದಲೇ ಎದ್ದು ವಾಕಿಂಗ್ ಹೋಗಲು ಶುರುಮಾಡಿದ. ಈ ವಯಸ್ಸಿನಲ್ಲಿ ಏನು ಹುಮ್ಮಸ್ಸು ಎಂದು ಮನೆಯವರೆಲ್ಲ ಹೊಗಳಿದ್ದೇ ಹೊಗಳಿದ್ದು. ಚಳಿ ಶುರುವಾಗುವ ಹೊತ್ತಿಗೆ, ಕಂಡಕ್ಟರನ ಜೊತೆ ಒಂದು ಕೋಣೆ ಹಿಡಿದಿದ್ದೇನೆ ಎಂದು ಹೇಳಿ ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟ. ಬಡಗಿಗೆ ಸಿಟ್ಟು ಬಂತು. ಇಷ್ಟು ಚೆನ್ನಾಗಿ ಕೋಣೆ ಮಾಡಿಕೊಟ್ಟರೂ ಈ ಮನುಷ್ಯನಿಗೆ ಬಸ್ಸಿನವರೇ ಹೆಚ್ಚಾದರಲ್ಲ ಎಂದು ಗೊಣಗಿದ. ಹೋಗಿ ಕರೆಯಲೂ ಇಲ್ಲ.

ನಿಜ ಹೊರಬಿದ್ದದ್ದು ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ, ಅವನು ಅಲ್ಲಿಯ ಬೆಂಚು ರಿಪೇರಿ ಮಾಡುತ್ತಿದ್ದಾಗ. ಅಂಗಡಿಯವನು ಕೇಳಿದ: "ನಿಮ್ಮಣ್ಣ ಕಾಣಿಸೋದೇ ಇಲ್ಲವಲ್ಲ? ಮುಂಚೆ ದಿನಾ ಬೆಳಕು ಹರಿಯೋಕೆ ಮೊದಲೇ ಓಡೋಡಿ ಬರ್ತಿದ್ರು. ಇಲ್ಲಿನ ಶೌಚಾಲಯದ ಬಾಗಿಲು ತೆಗೆಯೋದನ್ನೇ ಕಾಯ್ತಾ ನಿಂತಿರ್ತಿದ್ರು, ಪಾಪ. ಮನೇಲಿ ರಿಪೇರಿ ನಡೀತಿದೆ ಅಂತಿದ್ರು."

ಬಡಗಿಯ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು. ಅಣ್ಣ ಒಮ್ಮೆಯೂ ಆ ಬಾಗಿಲು ತಟ್ಟಿರಲಿಲ್ಲ. ಹುಡುಗಿ ಮಲಗಿದ್ದಾಳೆ ಎಂಬ ಸಂಕೋಚ ಒಂದೇ ಅಲ್ಲ. ಆ ಕಡೆಗೆ ಚಿಲಕ ಹಾಕಿದರೆ ಈ ಕಡೆ ಇರುವವನು ಬಾಡಿಗೆಯವನು ಎಂಬುದು, ಎಷ್ಟೋ ಮನೆಗಳಲ್ಲಿ ಹಲಗೆ ಹಿಡಿದು ನಿಂತಿದ್ದ ಅವನಿಗೆ ಚೆನ್ನಾಗಿ ಗೊತ್ತಿತ್ತು. ನೀನು ಹೊರಗಿನವನು ಎಂದು ಬಾಯಿಬಿಟ್ಟು ಹೇಳಲಾರದೆ ತಮ್ಮ ಚಿಲಕದಲ್ಲಿ ಹೇಳಿದ್ದಾನೆ ಎಂದುಕೊಂಡಿದ್ದ. ಬಡಗಿಗೆ ತನ್ನ ಕೈಗಳ ಮೇಲೇ ಹೇಸಿಗೆಯಾಯಿತು.

ಅದೇ ಸಂಜೆ ಗೋಡೆ ಕಿತ್ತ. ಮಗಳು ಅಳುತ್ತಲೇ ಹಲಗೆ ಹಿಡಿದಳು. "ದೊಡ್ಡಪ್ಪ ಒಂದು ಮಾತು ಹೇಳಿದ್ರೆ ನಾನು ಚಿಲಕ ಮುಟ್ತಾನೇ ಇರಲಿಲ್ಲವಲ್ಲಪ್ಪಾ" ಅಂದಳು. ಬಡಗಿ ಅಣ್ಣ ಹಿಡಿದಿದ್ದ ಕೋಣೆಗೆ ಹೋದ. ಕಾಲು ಹಿಡಿಯುವುದೊಂದು ಬಾಕಿ.

"ತಪ್ಪಾಯ್ತಣ್ಣಾ. ಗೋಡೆ ತೆಗೆದುಹಾಕಿದ್ದೀನಿ. ಮನೆಗೆ ಬಾ."

"ಬೇಜಾರೇನಿಲ್ಲ ಬಿಡೋ," ಅಂದ ಅಣ್ಣ. "ಭಾನುವಾರ ಊಟಕ್ಕೆ ಬರ್ತೀನಿ."

ಹೇಳಿದಂತೆ ಬಂದ. ತನ್ನ ಮಂಚ ಬಿಟ್ಟು ಕುರ್ಚಿಯಲ್ಲಿ ಕೂತ. ಕೈಯನ್ನು ಬೀದಿಬಾಗಿಲ ಹತ್ತಿರದ ನಲ್ಲಿಯಲ್ಲೇ ತೊಳೆದ. ಹೊಟ್ಟೆತುಂಬ ಉಂಡು ಎಲ್ಲರನ್ನೂ ನಗಿಸಿದ, ಮಗಳ ತಲೆ ನೇವರಿಸಿದ. ಇವತ್ತು ಇಲ್ಲೇ ಉಳಿಯುತ್ತಾನೆ ಎಂದು ಬಡಗಿಗೆ ಆಸೆ ಹುಟ್ಟಿತು. ಟೀ ಕುಡಿದಾದ ಮೇಲೆ ಅಣ್ಣ ಎದ್ದು ನಾಲ್ಕು ಹೆಜ್ಜೆ ಒಳಗೆ ನಡೆದ. ಇಡೀ ಹಾಲ್ ಮೊದಲಿನ ಹಾಗೆ ಖಾಲಿಯಾಗಿ ಬಿದ್ದಿತ್ತು. ಆದರೂ ಗೋಡೆ ಇದ್ದ ಕಡೆ ನಿಂತುಬಿಟ್ಟು, ತಮ್ಮನ ಹೆಂಡತಿಯ ಕಡೆ ತಿರುಗಿ ಕೇಳಿದ:

"ಬಾತ್‌ರೂಮಿಗೆ ಹೋಗಿ ಬರಬಹುದೇನಮ್ಮಾ?"