ಅಂಗೈ ಮೇಲಿನ ಮೈದಾನ

ಮೊನ್ನೆ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆಗೆಂದು ತೋಳು ಚಾಚಿ ಕೂತಿದ್ದೆ. ನರ್ಸು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಚರ್ಮ ಒರೆಸಿದಳು. ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅದರ ಬೆನ್ನಿಗೇ ಇನ್ನೊಂದು ವಾಸನೆಯೂ ಬಂದಂತಾಯಿತು, ಕಾದ ಕಾವಲಿಯ ಮೇಲೆ ಮಸಾಲೆ ಹಚ್ಚಿದ ಬಂಗುಡೆ ಬೇಯುವ ವಾಸನೆ. ಕ್ಲಿನಿಕ್ಕಿನಲ್ಲಿ ಬಂಗುಡೆ ಎಲ್ಲಿಂದ ಬರಬೇಕು? ಅದು ನನ್ನ ತಲೆಯೊಳಗಿಂದ ಬಂದದ್ದು. ಈ ಎರಡು ವಾಸನೆಗಳೂ ಒಟ್ಟಿಗೆ ಇದ್ದದ್ದು ಒಂದೇ ಮನೆಯಲ್ಲಿ. ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಟ್ಟಡದಲ್ಲಿ, ನನ್ನ ಎದುರು ಫ್ಲಾಟಿನಲ್ಲಿ...

ಕಟ್ಟಡದಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಮಂಗಳೂರಿನ ಕ್ರೈಸ್ತರು, ಮನೆಮಾತು ಕೊಂಕಣಿ. ದೋಹಾದ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷಗಳಿಂದ ನರ್ಸ್ ಆಗಿದ್ದರು. ದಪ್ಪ ಕನ್ನಡಕ, ಬಿಗಿಯಾಗಿ ಕಟ್ಟಿದ ನರೆಗೂದಲು, ನಡೆದರೆ ಸದ್ದಾಗದ ಬಿಳಿ ಬೂಟು. ಅವರ ಗಂಡನನ್ನು ನಾನು ಅಂಕಲ್ ಎನ್ನುತ್ತಿದ್ದೆ. ರಾಸ್ ಲಫಾನಿನಲ್ಲಿ ಗ್ಯಾಸ್ ಪ್ಲಾಂಟು ಕಟ್ಟುವಾಗ ಕ್ರೇನ್ ನಡೆಸಿದವರು. ಸಕ್ಕರೆ ಕಾಯಿಲೆ ಮೊದಲು ಅವರ ಒಂದು ಕಣ್ಣನ್ನು ಮಬ್ಬು ಮಾಡಿತು, ಆಮೇಲೆ ಇನ್ನೊಂದನ್ನು. ಕ್ರೇನಿನಿಂದ ಇಳಿದವರು ಹೆಂಡತಿಯ ವೀಸಾದ ಮೇಲೆ ಮನೆಯಲ್ಲಿ ಉಳಿದರು.

ನಾನು ಆಗಷ್ಟೇ ಮೈಸೂರಿನಿಂದ ಬಂದು ಒಂದು ಆಫೀಸಿನ ಅಕೌಂಟ್ಸ್ ವಿಭಾಗ ಸೇರಿದ್ದೆ. ಹೆಂಡತಿ ಇನ್ನೂ ಊರಿನಲ್ಲೇ ಇದ್ದಳು. ಒಂದು ಶನಿವಾರ ಸಂಜೆ ಸಿಸ್ಟರ್ ನನ್ನ ಬಾಗಿಲು ಬಡಿದು, "ನಿಮಗೆ ಈ ಟಿವಿ ಬಾಕ್ಸಿನ ಸಂಗತಿ ಗೊತ್ತುಂಟಾ ಮಾರಾಯ್ರೆ? ಮ್ಯಾಚ್ ಸುರು ಆಗ್ಲಿಕ್ಕಾಯ್ತು, ಇವರು ಅಲ್ಲಿ ಚಡಪಡಿಸ್ತಾ ಇದ್ದಾರೆ" ಎಂದರು. ಹೋಗಿ ಚಾನೆಲ್ ಹುಡುಕಿ ಕೊಟ್ಟೆ. ಗೋಳಿಬಜೆ ತಿನ್ನಿಸದೆ ಕಳಿಸಲಿಲ್ಲ. ಹಾಗೆ ಕೂತವನು ಆ ವರ್ಷವಿಡೀ ಶನಿವಾರ ಶನಿವಾರ ಅಲ್ಲೇ ಕೂತೆ.

ನಾವು ನೋಡುತ್ತಿದ್ದದ್ದು ಇಂಗ್ಲೆಂಡಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಆಟ. ಅದಕ್ಕೆ ಮನಸ್ಸು ಕೊಟ್ಟ ಕಥೆಯನ್ನು ಅಂಕಲ್ಲೇ ಹೇಳಿದರು. ರಾಸ್ ಲಫಾನಿನಲ್ಲಿ ಅವರ ಫೋರ್‌ಮನ್ ಆಗಿದ್ದವನು ಇಂಗ್ಲೆಂಡಿನವನು. ಸಮುದ್ರದ ದಂಡೆಯ, ಮೀನಿನ ದೋಣಿಗಳ ಸಣ್ಣ ಊರೊಂದರಿಂದ ಬಂದವನು. ಕೆಲಸದ ಬಿಡುವಿನಲ್ಲಿ ತನ್ನೂರಿನ ಕ್ಲಬ್ಬಿನ ಸೋಲುಗಳ ಬಗ್ಗೆ ಹೇಳುತ್ತಿದ್ದನಂತೆ. ಚರ್ಚಿನ ಮೈದಾನದಲ್ಲಿ ಮಳೆಗಾಲವಿಡೀ ಚೆಂಡು ಒದ್ದು ಬೆಳೆದ ಅಂಕಲ್‌ಗೆ ಆ ಊರು ಮಂಗಳೂರಿನ ಕಡಲತಡಿಯ ತಮ್ಮ ಬೆಂಗ್ರೆಯ ಹಾಗೇ ಕಂಡಿತು. ಫೋರ್‌ಮನ್ ಊರಿಗೆ ಹೊರಡುವಾಗ ಕ್ಲಬ್ಬಿನ ನೀಲಿ ಉಣ್ಣೆಯ ಮಫ್ಲರನ್ನು ಇವರ ಕುತ್ತಿಗೆಗೆ ಸುತ್ತಿ ಹೋದ. ಕತಾರಿನ ಸೆಕೆಯಲ್ಲಿ ಉಣ್ಣೆಯ ಮಫ್ಲರು! ಆದರೂ ಅಂಕಲ್ ಏಸಿ ಜೋರು ಮಾಡಿಕೊಂಡು ಅದನ್ನು ಹಾಕಿಕೊಳ್ಳುತ್ತಿದ್ದರು.

ಕ್ಲಬ್ಬು ಕೆಳಗಿನ ಡಿವಿಷನ್ನುಗಳಲ್ಲಿ ತೆವಳುತ್ತಿದ್ದ ಕಾಲದಲ್ಲಿ ಅದರ ಆಟ ಇಲ್ಲಿನ ಟಿವಿಯಲ್ಲಿ ಬರುತ್ತಿರಲಿಲ್ಲ. ಅಂಕಲ್ ಮೊಬೈಲಿನಲ್ಲಿ ಸ್ಕೋರು ಮಾತ್ರ ನೋಡುತ್ತಿದ್ದರು. ಆಮೇಲೆ ಕ್ಲಬ್ಬು ಒಂದೊಂದೇ ಮೆಟ್ಟಿಲು ಹತ್ತಿ, ಯಾರೂ ನಿರೀಕ್ಷಿಸದ ಹಾಗೆ, ಎಲ್ಲಕ್ಕಿಂತ ಮೇಲಿನ ಡಿವಿಷನ್ನಿಗೆ ಬಡ್ತಿ ಪಡೆಯಿತು. ಆಗಿನಿಂದ ಅದರ ಎಲ್ಲ ಆಟಗಳೂ ದೋಹಾದ ಮನೆಮನೆಗೆ ಬರತೊಡಗಿದವು. ಅಷ್ಟು ಹೊತ್ತಿಗೆ ಅಂಕಲ್‌ಗೆ ಟಿವಿ ಎಂದರೆ ಒಂದು ಬೆಳಕಿನ ಮಸುಕು ಮಾತ್ರ ಆಗಿಹೋಗಿತ್ತು.

ಟಿವಿಯ ಇಂಗ್ಲಿಷ್ ಕಾಮೆಂಟರಿ ಅವರಿಗೆ ಅರ್ಥವಾಗುತ್ತಿತ್ತು, ಆದರೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಕಾಮೆಂಟರಿಯವರು ಕಣ್ಣಿದ್ದವರಿಗಾಗಿ ಮಾತಾಡುವವರು, ಆಟಗಾರನ ಹೆಸರು ಹೇಳಿ ಸುಮ್ಮನಾಗಿಬಿಡುತ್ತಾರೆ. ಚೆಂಡು ಎಲ್ಲಿದೆ, ಯಾರು ಖಾಲಿ ನಿಂತಿದ್ದಾನೆ, ಯಾರು ದಣಿದಿದ್ದಾನೆ... ಅದನ್ನೆಲ್ಲ ಹೇಳುವ ಕೆಲಸ ಸಿಸ್ಟರ್‌ಗೆ ಬಂತು. ಮದುವೆಯಾದಾಗಿನಿಂದ ಫುಟ್‌ಬಾಲ್ ಕಡೆ ಕಣ್ಣೆತ್ತಿ ನೋಡಿದವರಲ್ಲ ಅವರು. ಮೊದಲ ವಾರ, "ಒಬ್ಬ ನೀಲಿ ಓಡ್ತಾ ಇದ್ದಾನೆ... ಬಿದ್ದ... ಎದ್ದ" ಎಂದು ಶುರು ಮಾಡಿದಾಗ ಅಂಕಲ್ ರೇಗಿದ್ದರು. ಎಲ್ಲರೂ ನೀಲಿ, ಅದರಲ್ಲಿ ಯಾವ ನೀಲಿ ಎಂದು ಕೇಳಿದ್ದರು.

ಸಿಸ್ಟರ್ ಆಟ ಕಲಿತರು. ಡ್ಯೂಟಿಗೆ ಹೋಗುವ ಬಸ್ಸಿನಲ್ಲಿ ಹಳೆಯ ಆಟಗಳ ತುಣುಕುಗಳನ್ನು ಫೋನಿನಲ್ಲಿ ನೋಡಿದರು. ಆಫ್‌ಸೈಡ್ ಎಂದರೇನೆಂದು ಆಸ್ಪತ್ರೆಯ ಸೆಕ್ಯುರಿಟಿಯವನಿಂದ ಹೇಳಿಸಿಕೊಂಡರು. ಕೆಲವೇ ವಾರಗಳಲ್ಲಿ ಅವರದೇ ಒಂದು ಶೈಲಿ ಹುಟ್ಟಿತು. ಡ್ಯೂಟಿ ಮುಗಿಸಿದ ನರ್ಸು ಮುಂದಿನ ಪಾಳಿಯವಳಿಗೆ ರೋಗಿಗಳ ಸ್ಥಿತಿ ಒಪ್ಪಿಸುವ ಶೈಲಿ ಅದು. ಐದನೇ ನಂಬರಿನವನು ಎಡಗಾಲು ಎಳೆಯುತ್ತಿದ್ದಾನೆ, ನಾಳೆ ಊದಿಕೊಳ್ಳುತ್ತದೆ. ಗೋಲ್‌ಕೀಪರಿನ ಮುಖ ಬಿಳಿಚಿದೆ, ಬೆಳಿಗ್ಗೆ ಏನೂ ತಿಂದಿರಲಿಕ್ಕಿಲ್ಲ. ಆ ಹಣೆಯ ಗಾಯಕ್ಕೆ ಹೊಲಿಗೆ ಬೇಡ, ಪಟ್ಟಿ ಸಾಕು. ನಾನು ಕೂತಿದ್ದೇನೆಂದು ಕನ್ನಡದಲ್ಲಿ ಶುರು ಮಾಡುತ್ತಿದ್ದರು, ಆಟ ಬಿಸಿಯೇರಿದ ಹಾಗೆ ತಮಗೇ ತಿಳಿಯದಂತೆ ಕೊಂಕಣಿಗೆ ಜಾರುತ್ತಿದ್ದರು.

ಬಾಯಿಮಾತು ಸಾಲದೆ ಬಂದಾಗ ಅಂಕಲ್‌ನ ಅಂಗೈಯನ್ನೇ ಮೈದಾನ ಮಾಡಿಕೊಂಡರು. ಮಣಿಕಟ್ಟು ನಮ್ಮ ಗೋಲು, ಬೆರಳ ತುದಿ ಎದುರಾಳಿಯ ಗೋಲು. ಸಿಸ್ಟರಿನ ತೋರುಬೆರಳೇ ಚೆಂಡು. ಮಧ್ಯಂತರದ ನಂತರ ತಂಡಗಳು ದಿಕ್ಕು ಬದಲಿಸಿದಾಗ ಮೊದಮೊದಲು ಸಿಸ್ಟರಿಗೆ ಗೊಂದಲವಾಗುತ್ತಿತ್ತು. ಒಮ್ಮೆ ಅಂಕಲ್ ನಮ್ಮವರೇ ಗೋಲು ಹಾಕಿದರೆಂದು ಎದ್ದು ಕುಣಿದು, ಆಮೇಲೆ ಅದು ನಮ್ಮ ಮೇಲಾದ ಗೋಲೆಂದು ತಿಳಿದು, ಮೂವರೂ ನಕ್ಕಿದ್ದೆವು.

ನಗುವಂಥ ದಿನಗಳು ಆ ಸೀಸನ್ನಿನಲ್ಲಿ ಕಡಿಮೆಯೇ. ಮೊದಲ ಆಟ ಸಮ, ಎರಡನೆಯದು ಗೆಲುವು. ಅಲ್ಲಿಂದ ಮುಂದೆ ಸೋಲಿನ ಮೇಲೆ ಸೋಲು. ಎದುರಿನ ತಂಡಗಳಲ್ಲಿ ಜಗತ್ತಿಗೇ ಗೊತ್ತಿರುವ ಆಟಗಾರರು, ನಮ್ಮದರಲ್ಲಿ ಅದೇ ಊರಿನಲ್ಲಿ ಹುಟ್ಟಿದವರು, ಬೇರೆಯವರು ಬೇಡವೆಂದು ಬಿಟ್ಟವರು. ಚಳಿಗಾಲ ಬರುವಷ್ಟರಲ್ಲಿ ಕ್ಲಬ್ಬು ಪಟ್ಟಿಯ ತಳ ಹಿಡಿಯಿತು. ಸೋತ ದಿನ ಅಂಕಲ್ ಊಟ ಮಾಡದೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು.

ಅಂಕಲ್‌ನ ತಂಗಿಯ ಮಗ ದೋಹಾದಲ್ಲೇ, ನಜ್ಮಾ ಬಡಾವಣೆಯ ಮೊಬೈಲ್ ಅಂಗಡಿಯಲ್ಲಿದ್ದ. ಒಂದು ಶನಿವಾರ ಬಂದವನು ಇದನ್ನೆಲ್ಲ ನೋಡಿ, ಅಡುಗೆಮನೆಯಲ್ಲಿ ಸಿಸ್ಟರಿಗೆ ಉಪಾಯ ಹೇಳಿದ. ಟಿವಿಯ ದನಿ ನಿಲ್ಲಿಸಿಬಿಡಿ, ಕೆಟ್ಟಿದೆ ಅನ್ನಿ, ವಾರಕ್ಕೊಂದು ಗೋಲು ನೀವೇ ಹಾಕಿಬಿಡಿ, ಮಾಮನಿಗೂ ಸಮಾಧಾನ ಎಂದ. ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವನ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಸಿಸ್ಟರ್ ಕಾವಲಿಯ ಮೇಲಿನ ಮೀನನ್ನು ತಿರುವಿ ಹಾಕಿ ಮೆಲ್ಲಗೆ ಹೇಳಿದರು:

"ಒಮ್ಮೆ ಸುಳ್ಳು ಹೇಳಿದ್ರೆ ಮತ್ತೆ ನನ್ನ ಯಾವ ಮಾತನ್ನು ಅವರು ನಂಬುದು? ಎದುರು ಮೆಟ್ಲು ಉಂಟು ಅಂತ ಹೇಳಿದ್ರೂ ಅನುಮಾನ ಬರ್ತದೆ. ಅವರಿಗೆ ಇರುದು ನನ್ನ ಮಾತು ಒಂದೇ ಅಲ್ವಾ ಮಗಾ."

ಹುಡುಗ ತಲೆ ತಗ್ಗಿಸಿದ. ಸಿಸ್ಟರ್ ಅವನ ತಟ್ಟೆಗೆ ದೊಡ್ಡ ಬಂಗುಡೆಯನ್ನೇ ಹಾಕಿದರು. ಆ ಸಂಜೆ ಕ್ಲಬ್ಬು ಮತ್ತೆ ಸೋತಿತು. ಪ್ರತಿ ಗೋಲನ್ನೂ, ಅದು ಯಾರ ಕಾಲಿನಿಂದ ಹೇಗೆ ಬಂತೆಂಬುದನ್ನೂ ಅವರು ಒಂದೂ ಬಿಡದೆ ಗಂಡನಿಗೆ ಹೇಳಿದರು. ಹೇಳಿ ಮುಗಿಸಿ, ಅದೇ ದನಿಯಲ್ಲಿ, ಈಗ ಎದ್ದು ಊಟ ಮಾಡಬೇಕು, ಇನ್ಸುಲಿನ್ ಹೊತ್ತಾಯಿತು ಎಂದರು. ಅಂಕಲ್ ಎದ್ದು ಬಂದರು.

ಅದೇ ಚಳಿಗಾಲದಲ್ಲಿ ಅಂಕಲ್‌ನ ಕಣ್ಣಿಗೆ ಕೊನೆಯದೊಂದು ಆಪರೇಷನ್ ಆಗಿತ್ತು. ಅದರ ಫಲವೇನೆಂದು ತಿಳಿಯಲು ಆಸ್ಪತ್ರೆಗೆ ಹೋಗುವ ದಿನ ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಒಳಗೆ ಡಾಕ್ಟರು ಸಿಸ್ಟರಿನ ಜೊತೆ ಬೇರೆಯಾಗಿ ಮಾತಾಡಿದರಂತೆ. ಇಬ್ಬರೂ ಬಂದು ಹಿಂದಿನ ಸೀಟಿನಲ್ಲಿ ಕೂತರು. ನಾನು ಗಾಡಿ ಹೊರಡಿಸಲಿಲ್ಲ, ಹೊರಡಿಸಬೇಕೆಂದು ತೋಚಲಿಲ್ಲ. ಅಂಕಲ್ ಅಂಗೈ ಚಾಚಿ ಹೆಂಡತಿಯ ಮಡಿಲಿಗಿಟ್ಟು, ಮ್ಯಾಚ್ ಹೇಳಿದ ಹಾಗೆ ಹೇಳು ಎಂದರು. ಕೊಂಕಣಿಯಲ್ಲಿ ಹೇಳಿದ್ದು, ಆ ಹೊತ್ತಿಗೆ ನನಗೂ ಅಷ್ಟು ತಿಳಿಯುತ್ತಿತ್ತು.

ಸಿಸ್ಟರ್ ಹೇಳಿದರು. ಬಲಗಣ್ಣು ಮುಗಿಯಿತು. ಎಡಗಣ್ಣಿನಲ್ಲಿ ಹಗಲು ಯಾವುದು ರಾತ್ರಿ ಯಾವುದೆಂದು ಗೊತ್ತಾದೀತು, ಅದಕ್ಕಿಂತ ಹೆಚ್ಚಿಲ್ಲ. ಇನ್ನು ಆಪರೇಷನ್ ಇಲ್ಲ. ಅವರ ದನಿ ಏರಲಿಲ್ಲ, ಇಳಿಯಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಕನ್ನಡಕದ ಕೆಳಗೆ ಕೆನ್ನೆ ಪೂರಾ ಒದ್ದೆಯಾಗಿತ್ತು.

"ಖಲಾಸ್?" ಎಂದರು ಅಂಕಲ್.

"ಖಲಾಸ್."

ಆಮೇಲೆ ಅಂಕಲ್, ಶನಿವಾರ ಯಾರ ಜೊತೆ ಆಟ ಎಂದು ಕೇಳಿದರು. ಪಟ್ಟಿಯ ಮೇಲ್ತುದಿಯಲ್ಲಿದ್ದ ತಂಡದ ಜೊತೆ. ಹಾಗಾದರೆ ಅಲ್ಲಿಯೂ ಖಲಾಸ್ ಎಂದು ನಕ್ಕರು. ಆ ನಗು ಕೇಳಿ ನನಗೆ ಗಾಡಿ ಹೊರಡಿಸುವ ಧೈರ್ಯ ಬಂತು.

ಆ ಶನಿವಾರ ಕ್ಲಬ್ಬು ಗೆದ್ದುಬಿಟ್ಟಿತು! ಆಟವೆಲ್ಲ ಎದುರಾಳಿಯದ್ದೇ, ಸಿಸ್ಟರಿನ ಬೆರಳು ಮಣಿಕಟ್ಟಿನ ಸುತ್ತಲೇ ಸುತ್ತುತ್ತಿತ್ತು. ಕೊನೆಗೆ ಸಿಕ್ಕ ಒಂದು ಕಾರ್ನರ್, ಎಡಗಾಲು ಎಳೆಯುತ್ತಿದ್ದ ಅದೇ ಐದನೇ ನಂಬರಿನವನ ತಲೆ. ಬೆರಳು ಅಂಗೈ ದಾಟಿ, ಬೆರಳ ತುದಿ ದಾಟಿ, ಗಾಳಿಗೆ ಹಾರಿತು. ಅಂಕಲ್ ಆ ಗೋಲನ್ನು ಮತ್ತೆ ಮತ್ತೆ ಹೇಳಿಸಿಕೊಂಡರು. ಸಿಸ್ಟರ್ ಪ್ರತಿಸಲವೂ ಅವೇ ಮಾತುಗಳಲ್ಲಿ ಹೇಳಿದರು. ಒಂದಿಷ್ಟೂ ಬಣ್ಣ ಹಚ್ಚಲಿಲ್ಲ. ಮೂರನೆಯ ಸಲ ಕೇಳುವಾಗ ನಾನೂ ಕಣ್ಣು ಮುಚ್ಚಿದ್ದೆ. ನನಗೂ ಕಂಡಿತು.

ಆ ಗೆಲುವಿನ ಬಲದಿಂದ ಕ್ಲಬ್ಬು ತಳದಿಂದ ಸ್ವಲ್ಪ ಮೇಲೆದ್ದಿತು. ಮೇಲಿನ ಡಿವಿಷನ್ನಿನಲ್ಲಿ ಉಳಿಯುವುದೋ ಕೆಳಗಿಳಿಯುವುದೋ ಎಂಬುದು ಸೀಸನ್ನಿನ ಕೊನೆಯ ಆಟಕ್ಕೆ ಬಂದು ನಿಂತಿತು. ಗೆದ್ದರೆ ಉಳಿವು, ಸಮವಾದರೂ ಸಾಲದು. ದೋಹಾದಲ್ಲಿ ಆಗಲೇ ಬೇಸಿಗೆ ಶುರುವಾಗಿತ್ತು, ಅಂಕಲ್ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ನನ್ನ ಹೆಂಡತಿಯೂ ಊರಿನಿಂದ ಬಂದಿದ್ದಳು, ಅವಳೂ ಕೂತಿದ್ದಳು. ಮೊದಲರ್ಧದಲ್ಲೇ ನಮ್ಮದೊಂದು ಗೋಲಾಯಿತು. ಆಮೇಲೆ ಹಿಡಿದು ನಿಲ್ಲುವ ಆಟ. ಸಿಸ್ಟರ್ ಒಬ್ಬೊಬ್ಬನ ಉಸಿರನ್ನೂ ಎಣಿಸುವವರಂತೆ ಹೇಳುತ್ತಾ ಹೋದರು. ಆಟ ಇನ್ನೇನು ಮುಗಿಯಬೇಕು...

ಸಿಸ್ಟರ್ ಮಾತು ನಿಲ್ಲಿಸಿದರು. ಆ ವರ್ಷದಲ್ಲಿ ಮೊದಲ ಸಲ. ಬೆರಳು ಮಣಿಕಟ್ಟಿನ ಮೇಲೆ ಹೋಗಿ ನಿಂತಿತು, ಅಲ್ಲಿಂದ ಕದಲಲಿಲ್ಲ. ಟಿವಿಯಲ್ಲಿ ಗದ್ದಲವೋ ಗದ್ದಲ. ಅಂಕಲ್ ತಮ್ಮ ಇನ್ನೊಂದು ಕೈಯನ್ನು ಆ ಬೆರಳಿನ ಮೇಲಿಟ್ಟರು.

"ಹೋಯ್ತಾ?"

"ಹೋಯ್ತು."

ಯಾರ ತಪ್ಪು ಎಂದು ಕೇಳಿದರು. ಯಾರದ್ದೂ ಅಲ್ಲ, ಡಿಫೆಂಡರಿನ ಕಾಲು ಜಾರಿತು, ಅವನು ಹುಲ್ಲಿನ ಮೇಲೆ ಕೂತು ಅಳುತ್ತಿದ್ದಾನೆ ಎಂದರು ಸಿಸ್ಟರ್. ಜನ ಏನು ಮಾಡುತ್ತಿದ್ದಾರೆ ಎಂದು ಅಂಕಲ್ ಕೇಳಿದರು. ಸಿಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಯಾರೂ ಎದ್ದು ಹೋಗ್ಲಿಲ್ಲ. ಎಲ್ಲ ನಿಂತುಕೊಂಡು ಚಪ್ಪಾಳೆ ತಟ್ತಾ ಇದ್ದಾರೆ. ಒಬ್ಬಳು ಅಜ್ಜಿ ಉಂಟು, ಅವಳು ಮಾತ್ರ ಕೂತಿದ್ದಾಳೆ. ಕಾಲು ನೋವು ಇರ್ಬೇಕು. ಅವಳೂ ತಟ್ತಾ ಇದ್ದಾಳೆ" ಎಂದರು. ಅಂಕಲ್ ಕೈ ಬಿಡಿಸಿಕೊಂಡು ತಾವೂ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಅಂದು ಅವರು ಗೋಡೆ ಕಡೆ ತಿರುಗಲಿಲ್ಲ, ನಮ್ಮೊಂದಿಗೆ ಕೂತು ಊಟ ಮಾಡಿದರು.

ಕ್ಲಬ್ಬು ಕೆಳಗಿಳಿಯಿತು, ಟಿವಿಯಿಂದಲೂ ಮರೆಯಾಯಿತು. ಕೆಲವು ವರ್ಷಗಳಲ್ಲಿ ಸಿಸ್ಟರ್ ನಿವೃತ್ತರಾಗಿ ಇಬ್ಬರೂ ಮಂಗಳೂರಿಗೆ ಹೋದರು. ಅಂಕಲ್‌ಗಿಂತ ಮೊದಲು ಸಿಸ್ಟರೇ ಹೋಗಿಬಿಡುತ್ತಾರೆಂದು ನಾವ್ಯಾರೂ ಎಣಿಸಿರಲಿಲ್ಲ. ಮೀನು ಮಾರ್ಕೆಟಿನಲ್ಲಿ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲವಂತೆ. ನಜ್ಮಾದ ಹುಡುಗ ಫೋನ್ ಮಾಡಿ ಹೇಳಿದ.

ಹೋದ ರಜೆಯಲ್ಲಿ ಮಂಗಳೂರಿಗೆ ಹೋಗಿದ್ದೆ. ಅಂಕಲ್ ಈಗ ತಂಗಿಯ ಮನೆಯಲ್ಲಿದ್ದಾರೆ. ಚರ್ಚಿನ ಹಿಂದಿನ ಸಮಾಧಿಗೆ ಕರೆದುಕೊಂಡು ಹೋಗಿ ಎಂದರು. ನನ್ನ ತೋಳು ಹಿಡಿದು ನಿಂತು, "ಹೇಗೆ ಉಂಟು, ಹೇಳಿ" ಎಂದರು. ಚೆನ್ನಾಗಿದೆ ಅಂಕಲ್ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕಲ್ಲು ಗಟ್ಟಿಯಾಗಿದೆ, ಫೋಟೋ ಸ್ವಲ್ಪ ಮಾಸಿದೆ, ಪಕ್ಕದ ಸಮಾಧಿಗೆ ಹೊಸ ಹೂವಿದೆ, ಇದಕ್ಕಿಲ್ಲ, ಸುತ್ತ ಮಳೆಗೆ ಕಳೆ ಬೆಳೆದಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಂಕಲ್ ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತು, ಕೈಯಿಂದ ತಡವುತ್ತಾ ಒಂದೊಂದೇ ಕಳೆ ಕೀಳತೊಡಗಿದರು. ನಾನು ಬಗ್ಗಲು ಹೋದರೆ ಬೇಡವೆಂದರು. ಹಾಗಾಗಿ ನಿಂತಲ್ಲಿಂದಲೇ ಹೇಳುತ್ತಿದ್ದೆ, ಇನ್ನೂ ಸ್ವಲ್ಪ ಎಡಕ್ಕೆ, ಕಲ್ಲಿನ ಬುಡದಲ್ಲಿ ಒಂದಿದೆ, ಅದು ಮುಳ್ಳಿನದ್ದು, ಜೋಪಾನ...

ದೋಹಾಕ್ಕೆ ಮರಳಿ ಬಂದು ತಿಂಗಳುಗಳಾದವು. ಎದುರು ಫ್ಲಾಟಿನಲ್ಲಿ ಈಗ ಈಜಿಪ್ಟಿನ ಸಂಸಾರವಿದೆ, ಒಳ್ಳೆಯ ಜನ, ಹಬ್ಬಕ್ಕೆ ಸಿಹಿ ಕಳಿಸುತ್ತಾರೆ. ಸಿಸ್ಟರ್ ಇದ್ದಾಗ ಮೆಟ್ಟಿಲಲ್ಲಿ ಎದುರಾದರೆ ನನ್ನ ಮುಖ ನೋಡಿ ನಿಲ್ಲುತ್ತಿದ್ದರು. ನಿದ್ದೆ ಮಾಡಿಲ್ಲ ನೀವು, ಕಣ್ಣಿನ ಕೆಳಗೆ ಊದಿದೆ, ಹೊಟ್ಟೆ ಬರುತ್ತಾ ಉಂಟು, ಉಪ್ಪು ಕಮ್ಮಿ ಮಾಡಿ ಎನ್ನುತ್ತಿದ್ದರು. ಈಗ ಈ ಊರಿನಲ್ಲಿ, ಮನೆಯಾಚೆ, ಹಾಗೆ ಹೇಳುವವರು ನನಗೆ ಯಾರೂ ಇಲ್ಲ. ಲಿಫ್ಟಿನಲ್ಲಿ, ಆಫೀಸಿನಲ್ಲಿ, ಸಿಕ್ಕವರೆಲ್ಲ ಚೆನ್ನಾಗಿ ಕಾಣುತ್ತಿದ್ದೀರಿ ಎನ್ನುತ್ತಾರೆ. ನಾನೂ ಥ್ಯಾಂಕ್ಸ್ ಹೇಳಿ ಮುಂದೆ ಹೋಗುತ್ತೇನೆ.