ಮೂಳೆಯ ಮೇಲಿನ ಉಂಗುರ

ಕುಂದಲಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ದೊಡ್ಡ ಪೆಟ್ಟೇನಲ್ಲ, ಇಷ್ಟಕ್ಕೇ ಮುರಿಯಿತೆಂದರೆ ಮೂಳೆ ಸವೆದಿದೆ ಎಂದು ಡಾಕ್ಟರು ಪ್ಲಾಸ್ಟರ್ ಕಟ್ಟು ಹಾಕಿ, ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಕಾಫಿ ಕುಡಿಯುವಂತಿಲ್ಲ. ಭಾನುವಾರ ಆ ಅರ್ಧ ಗಂಟೆ ನಾನು ಕೆಳಗಿಳಿದು ಅವರ ಜೊತೆ ಜಗಲಿಯಲ್ಲಿ ಕೂರುತ್ತಿದ್ದೆ.

"ನೀನು ಕಂಪ್ನೀಲಿ ಏನ್ ಮಾಡ್ತೀಯ ಅಂತ ಇವತ್ತಾದ್ರೂ ಯೋಳಮ್ಮ" ಎಂದರು ಒಮ್ಮೆ.

ವೈಟ್‌ಫೀಲ್ಡಿನ ಲ್ಯಾಬೊಂದರಲ್ಲಿ ನಾನು ಬೆಳೆಸುತ್ತಿದ್ದದ್ದು ಮೂಳೆ ಕರಗಿಸುವ ಜೀವಕೋಶಗಳನ್ನೇ. ಫೋನಿನಲ್ಲಿ ವಿಡಿಯೊ ತೋರಿಸಿದೆ. ಮೂಳೆಯ ತೆಳು ಬಿಲ್ಲೆಯ ಮೇಲೆ ಕೋಶವೊಂದು ಹರಡಿಕೊಂಡಿತ್ತು. ಅದರಲ್ಲಿ ಚೆದುರಿದ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಕೋಶವು ಮೂಳೆಗೆ ಊರಿದ ಪುಟ್ಟ ಪಾದ, ಒಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿಂದ ಕಟ್ಟಿದ್ದು. ಚುಕ್ಕೆಗಳು ಒತ್ತಾಗಿ ಸೇರಿ ಉಂಗುರವಾದವು. ಉಂಗುರ ಸಂದಿಲ್ಲದಂತೆ ಮೂಳೆಗೆ ಕಚ್ಚಿಕೊಂಡ ಮೇಲೆ ಅದರೊಳಗಷ್ಟೇ ಆಮ್ಲ ಸುರಿದು ಮೂಳೆ ಕರಗುತ್ತದೆ. ಅಲ್ಲಿಯದು ಮುಗಿದರೆ ಉಂಗುರ ಬಿಚ್ಚಿಹೋಗುತ್ತದೆ, ಕೋಶ ಸರಿದು ಇನ್ನೊಂದು ಕಡೆ ಹೊಸದಾಗಿ ಕಟ್ಟಿಕೊಳ್ಳುತ್ತದೆ.

"ನನ್ ಮೂಳೆ ತಿನ್ನೋದು ಇದೇನಾ? ನೋಡಕ್ಕೆ ಎಷ್ಟ್ ಚೆಂದಾಗೈತೆ!"

"ನಿಮ್ಮ ಮಾತ್ರೆ ಉಂಗುರ ನಿಲ್ಲೋಕೆ ಬಿಡಲ್ಲ ಅಜ್ಜಿ. ಕೊನೆಗೆ ಕೋಶಾನೂ ಸಾಯುತ್ತೆ."

"ಎಲ್ಲಾನೂ ಸಾಯ್ಲಿ ಅತ್ಲಾಗೆ."

"ಎಲ್ಲಾ ಸತ್ರೆ ಹಳೇ ಮೂಳೆ ತೆಗೆಯೋರು ಯಾರು? ಮುರಿದ ಕೈ ಸರಿಯಾಗೋಕೂ ಅವು ಬೇಕು."

ಮುಂದಿನ ಭಾನುವಾರ ಅಜ್ಜಿ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಕೈ ಕೂಡ್ಕಳೋಗಂಟ ಮಾತ್ರೆ ಬ್ಯಾಡ. ಅವು ಬೇಕು ಅಂತ ನೀನೇ ಅಂದ್ಯಲ್ಲ."

ಲ್ಯಾಬಿನ ತಟ್ಟೆಗೆ ಅದೇ ಔಷಧಿ ಹಾಕಿ, ಉಂಗುರಗಳು ಒಡೆದು ಚೂರಾಗುವುದನ್ನು ಎಷ್ಟೋ ಸಲ ನೋಡಿದ್ದೆ, ಪ್ರಯೋಗ ಫಲಿಸಿತೆಂದು ಹಿಗ್ಗಿದ್ದೆ. ಆದರೆ ತಟ್ಟೆಯಲ್ಲಿ ಕೂಡಿಕೊಳ್ಳಬೇಕಾದ ಕೈ ಇರಲಿಲ್ಲ. ಮರುದಿನ ರಜೆ ಹಾಕಿ ಅಜ್ಜಿಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಅಜ್ಜಿಯೇ ಕೇಳಿದರು: "ಮಾತ್ರೆ ತಗಂಡ್ರೆ ನನ್ ಕೈ ಕೂಡ್ತದಾ ಸಾರ್?"

ಡಾಕ್ಟರು ನಗಲಿಲ್ಲ. "ಕೂಡುತ್ತೆ ಅಮ್ಮ. ಮಾತ್ರೆ ಮೂಳೆ ಕರಗಿಸೋ ಕೋಶಗಳನ್ನೆಲ್ಲ ಕೊಲ್ಲಲ್ಲ, ಅವುಗಳ ಕೆಲಸ ಕಮ್ಮಿ ಮಾಡುತ್ತೆ ಅಷ್ಟೇ. ನೀವು ಕೇಳಿದ್ದು ಒಳ್ಳೇದಾಯ್ತು."

ಕಟ್ಟು ಬಿಚ್ಚಿದಾಗ ಕೈ ಸೊರಗಿತ್ತು, ಮಣಿಕಟ್ಟು ಸ್ವಲ್ಪ ಓರೆಯಾಗಿತ್ತು. ಸೊಸೆ ಬೇಡವೆಂದರೂ ಅಜ್ಜಿ ಅಂದೇ ಒಲೆಯ ಮುಂದೆ ನಿಂತು ರಾಗಿ ಮುದ್ದೆ ತಿರುವಲು ನೋಡಿದರು. ಕೋಲು ಅರ್ಧ ಸುತ್ತಿಗೇ ನಿಂತಿತು. ನನ್ನನ್ನು ಕರೆದು, "ನೀನು ಇಡ್ಕ, ನಾನು ಯೋಳ್ಕೊಡ್ತೀನಿ" ಎಂದರು. ಆ ಮುದ್ದೆ ಗಂಟುಗಂಟಾಯಿತು. ಇಬ್ಬರೂ ಅದನ್ನೇ ಸೊಪ್ಪಿನ ಸಾರಿನಲ್ಲಿ ಅದ್ದಿ ತಿಂದೆವು.