ಉಜ್ಜಿನಪ್ಪನವರು ಹೂಂ ಅಂದರೆ ದುಬೈ

ಕೊಟ್ಟೂರಿನಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಉಜ್ಜಿನಪ್ಪನವರು ಯಾರನ್ನೂ ನಂಬುವವರಲ್ಲ. ನಂಬದೆಯೇ ಅರವತ್ತರ ಹತ್ತಿರ ಬಂದು, ಸುಖವಾಗಿಯೂ ಇದ್ದಾರೆ. ಗಿರಾಕಿ ವಾಷರ್ ವಾಪಸ್ ತಂದರೆ ಮೂಸಿ ನೋಡುತ್ತಾರೆ. ಮದುವೆ ಮನೆಗೆ ಹೋದರೆ ಒಂದು ಚಪ್ಪಲಿ ಈ ಮೂಲೆಯಲ್ಲಿ, ಇನ್ನೊಂದು ಆ ಮೂಲೆಯಲ್ಲಿ. ಒಂಟಿ ಚಪ್ಪಲಿ ಒಯ್ಯುವಷ್ಟು ದಡ್ಡ ಕಳ್ಳ ಇನ್ನೂ ಹುಟ್ಟಿಲ್ಲ ಎಂಬುದು ಅವರ ಲೆಕ್ಕ.

ಎರಡು ವರ್ಷದ ಹಿಂದೆ ಅವರ ಅಕ್ಕನ ಮಗ ಪ್ರವೀಣಕುಮಾರ್ ದುಬೈಗೆ ಕರೆಸಿಕೊಂಡು ಮರಳುಗಾಡು ತೋರಿಸಿ ಕಳಿಸಿದ ಮೇಲೆ ಈ ಗುಣಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಂತಾಯಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲಿಂದ ಯಾರೇ ಆ ಕಡೆ ಹೊರಟರೂ ಮೊದಲು ಇವರ ಅಂಗಡಿಯ ಸ್ಟೂಲಿನ ಮೇಲೆ ಕೂತು ಏಳಬೇಕು. ಪಾಸ್‌ಪೋರ್ಟ್ ಒಂದು ಕಡೆ ಇಡಿ, ಅದರ ಝೆರಾಕ್ಸ್ ಇನ್ನೊಂದು ಕಡೆ. ಬಾಯಾರದಿದ್ದರೂ ನೀರು ಕುಡಿಯಿರಿ. ಮರಳಿನೊಳಗೆ ಒಬ್ಬರೇ ಗಾಡಿ ಇಳಿಸಬೇಡಿ. ಎಲ್ಲಿಗೆ ಹೊರಟಿರಿ, ಎಷ್ಟೊತ್ತಿಗೆ ಬರುತ್ತೀರಿ ಎಂದು ಯಾರಿಗಾದರೂ ಹೇಳಿ ಹೋಗಿ. ಗಾಡಿ ಕೆಟ್ಟರೆ ಅದರ ನೆರಳು ಬಿಟ್ಟು ನಡೆಯಬೇಡಿ. ಕೇಳದೆ ಯಾರ ಫೋಟೊನೂ ತೆಗೆಯಬೇಡಿ. ಇದೆಲ್ಲ ಸರಿಯಾದ ಮಾತೇ. ಆದರೆ ಕೊನೆಗೆ ಅವರ ದನಿ ತಗ್ಗುತ್ತಿತ್ತು.

“ಮಂದಿ ಕೊಟ್ಟ ಗಂಟು ಮಾತ್ರ ಮುಟ್ಟಬ್ಯಾಡ್ರಿ. ಅದರಾಗ ಏನೈತಿ ಅನ್ನೋದು ಕೊಟ್ಟವಗೂ ಗೊತ್ತಿರಂಗಿಲ್ಲ.”

ಅವರ ಹೆಂಡತಿ ನಾಗಲಿಂಗಮ್ಮನ ಅಣ್ಣ ಗುರುಬಸವರಾಜರ ಮಗಳು ಅರ್ಚನಾ ಹಡಗಲಿಯ ಆಸ್ಪತ್ರೆಯಲ್ಲಿ ನರ್ಸು. ಮರುಭೂಮಿ ನೋಡಬೇಕೆಂಬುದು ಅವಳ ಬಹಳ ದಿನದ ಆಸೆ. ದುಬೈಗೆ ಒಬ್ಬಳೇ ಹೋಗುತ್ತೇನೆ ಎಂದಾಗ ಅಪ್ಪ ಒಂದೇ ಷರತ್ತು ಹಾಕಿದ್ದರು: ಉಜ್ಜಿನಪ್ಪ ಮಾವ ಚೀಲ ನೋಡಿ ಹೂಂ ಅನ್ನಬೇಕು, ಇಲ್ಲದಿದ್ದರೆ ಇಲ್ಲ. ಟಿಕೆಟ್ ಆಗಿತ್ತು, ರಜೆ ಸಿಕ್ಕಿತ್ತು, ಸಂಜೆಗೆ ಬೆಂಗಳೂರಿನ ಬಸ್ಸು. ಉಳಿದದ್ದು ಆ ಒಂದು ಹೂಂ ಮಾತ್ರ. ಅದಕ್ಕಾಗಿ ಬೆಳಿಗ್ಗೆಯೇ ಹಡಗಲಿಯಿಂದ ಚೀಲ ಹೊತ್ತು ಅತ್ತೆಯ ಮನೆಗೆ ಬಂದಿದ್ದಳು.

ಉಜ್ಜಿನಪ್ಪನವರು ಪಡಸಾಲೆಯಲ್ಲಿ ಚಾಪೆ ಹಾಸಿ, ಕನ್ನಡಕ ಒರೆಸಿಕೊಂಡು, ಪಂಚನಾಮೆಗೆ ಕೂತವರಂತೆ ಕೂತರು. ಚೀಲದ ಸಾಮಾನೆಲ್ಲ ಹೊರಗೆ ಬಂತು. ಬಿಸಿಲಿಗೆ ಹಚ್ಚುವ ಮುಲಾಮು ಹಿಚುಕಿಸಿಕೊಂಡಿತು. ಜ್ವರದ ಗುಳಿಗೆಗೆ ಡಾಕ್ಟರ ಚೀಟಿ ಇದ್ದದ್ದನ್ನು ಕಂಡು ತಲೆದೂಗಿದರು, ಆದರೂ ಸಹಿ ಖರೇನಾ ಎಂದು ಕೇಳಿದರು. ಆ ಡಾಕ್ಟರ ಜೊತೆಗೇ ದಿನಾ ಕೆಲಸ ಮಾಡುತ್ತೇನೆ ಎಂದು ಅರ್ಚನಾ ಹೇಳಿದಳು. ಅದೇ ಅನುಮಾನ ಎಂದರು ಮಾವ.

ಆಮೇಲೆ ಸಿಕ್ಕಿದ್ದು ಒಂದು ಪೊಟ್ಟಣ. ಮಾಗಳದ ಹೊನ್ನೂರಮ್ಮ ಆಸ್ಪತ್ರೆಯಲ್ಲಿ ಕಸ ಗುಡಿಸುವಾಕೆ. ದುಬೈಯಲ್ಲಿ ಗಾರೆ ಕೆಲಸಕ್ಕಿರುವ ಮಗನಿಗೆಂದು ಶೇಂಗಾ ಚಟ್ನಿಪುಡಿ ಕೊಟ್ಟಿದ್ದಳು. ಉಜ್ಜಿನಪ್ಪನವರು ದಾರ ಬಿಚ್ಚಿದರು, ಮೂಸಿದರು, ಮನೆ ಅದುರುವಂತೆ ಸೀನಿದರು. ಸೀನು ಬಂದದ್ದೇ ಸಾಕ್ಷಿಯಾಯಿತು. ಪೊಟ್ಟಣ ಗೋಡೆಯ ಕಡೆಗೆ ಹೋಯಿತು. ಅರ್ಚನಾ ಬಟ್ಟೆ ಮಡಿಸುತ್ತ ಕೂತಳು. ಹೂಂ ಇನ್ನೂ ಬಂದಿರಲಿಲ್ಲವಲ್ಲ.

ಅಷ್ಟರಲ್ಲಿ ನಾಗಲಿಂಗಮ್ಮ ಒಳಗಿನಿಂದ ಸ್ಟೀಲಿನ ದೊಡ್ಡ ಡಬ್ಬಿ ತಂದಿಟ್ಟರು. ಪ್ರವೀಣನಿಗೆ ಅಂಟಿನುಂಡಿ. ಇದು ಚೀಲದ ನಡುವೆ, ಬಟ್ಟೆಯೊಳಗೆ ಇರಲಿ ಎಂದು ಉಜ್ಜಿನಪ್ಪನವರೇ ಜಾಗ ಮಾಡತೊಡಗಿದರು.

“ಮಾವ, ಮಂದಿ ಕೊಟ್ಟ ಗಂಟು ಮುಟ್ಟಬಾರದು ಅಂದಿದ್ರಿ.”

“ನಾವು ಮಂದೀನೇನಬೇ? ಇದು ಮನೀದು.”

ಅರ್ಚನಾ ಅತ್ತೆಯ ಕಡೆ ತಿರುಗಿ ಏನೇನು ಹಾಕಿದ್ದೀರಿ ಎಂದು ಕೇಳಿದಳು. ನಾಗಲಿಂಗಮ್ಮನಿಗೆ ಇಂಥ ಪ್ರಶ್ನೆ ಯಾರೂ ಕೇಳದೆ ಎಷ್ಟೋ ಕಾಲವಾಗಿತ್ತು. ಅಂಟು, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ, ತುಪ್ಪ ಎಂದು ಬೆರಳು ಮಡಿಚುತ್ತ ಬಂದು, “ಮತ್ತ ಗಸಗಸಿ, ಕೈ ಬಿಟ್ಟು ಹಾಕೀನಿ” ಎಂದರು.

ಅರ್ಚನಾ ಡಬ್ಬಿಯನ್ನು ಮೆಲ್ಲಗೆ ಚೀಲದಿಂದ ತೆಗೆದಿಟ್ಟಳು. “ಅಫೀಮಿನ ಗಿಡದ ಬೀಜ ರೀ ಮಾವ ಇದು. ನಮ್ಮಲ್ಲಿ ಕಿರಾಣಿ ಅಂಗಡ್ಯಾಗ ಸಿಗ್ತೈತಿ. ಅಲ್ಲಿ ಹಿಡದ್ರ ಜೈಲು.”

ಉಜ್ಜಿನಪ್ಪನವರು ಮೊದಲು ಅರ್ಚನಾಳನ್ನು ಅನುಮಾನಿಸಿದರು, ಆಮೇಲೆ ಅಲ್ಲಿನ ನಿಷೇಧದ ಪಟ್ಟಿ ತೋರಿಸಿದ ಅವಳ ಫೋನನ್ನು. ಆಮೇಲೆ ಅನುಮಾನಕ್ಕೆ ಯಾರೂ ಉಳಿಯಲಿಲ್ಲ.

“ಅಲ್ರೀ,” ಎಂದರು ನಾಗಲಿಂಗಮ್ಮ, “ನೀವು ಹೋಗುವಾಗಲೂ ಇದನ್ನ ಒಯ್ದಿದ್ರಲ್ಲ. ಗಸಗಸಿ ಇನ್ನೊಂದೀಟು ಹಾಕು ಅಂತ ನೀವ ಅಂದಿದ್ರಿ.”

ಒಯ್ದಿದ್ದರು. ವಿಮಾನದಲ್ಲಿ ಯಾರಾದರೂ ಏನಾದರೂ ಬೆರೆಸಿಯಾರೆಂದು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಹೋಗಿದ್ದರು. ಇಳಿದ ಮೇಲೆ ಅಧಿಕಾರಿಯೊಬ್ಬ ಅದೇನು ಎಂದು ಸನ್ನೆ ಮಾಡಿದಾಗ, ತಿಂದುಬಿಟ್ಟಾನೆಂಬ ಗುಮಾನಿಯಿಂದ ಎದೆಗವಚಿಕೊಂಡಿದ್ದರು. ಅವನು ನಕ್ಕು ಹೋಗಲು ಬಿಟ್ಟಿದ್ದ. ಆ ನಗು ಈಗ ಕೊಟ್ಟೂರಿನ ಪಡಸಾಲೆಯಲ್ಲಿ ಅವರ ಬೆನ್ನಿಗೆ ತಣ್ಣಗೆ ತಾಗಿತು.

ಪ್ರವೀಣನ ಜೊತೆ ಮಾತಾಡಿ ಬರುತ್ತೇನೆಂದು ಎದ್ದರು. ಸ್ವಂತ ಫೋನು ಬೇಡ, ನಂಬರು ಎಲ್ಲಿ ದಾಖಲಾಗುತ್ತದೋ. ಓಣಿಯ ತುದಿಯ ಚಹಾದಂಗಡಿ ಅಜ್ಜಯ್ಯನ ಅಳಿಯ ಕುವೈತಿನಲ್ಲಿದ್ದ. ಹಾಗಾಗಿ ಹೊರದೇಶಕ್ಕೆ ಹೋಗುವ ಫೋನು ಅಜ್ಜಯ್ಯನ ಹತ್ತಿರ ಇತ್ತು. ಅದನ್ನು ಇಸಿದುಕೊಂಡು ಬೇವಿನ ಮರದ ಮರೆಗೆ ಹೋದರು. ಆ ಕಡೆಯಿಂದ ಪ್ರವೀಣಕುಮಾರ್ ಯಾರು ಎಂದ.

“ಹೆಸರು ಬ್ಯಾಡ. ಎರಡು ವರ್ಷದ ಹಿಂದ ತಂದಿದ್ದ ಸಾಮಾನು ಪೂರಾ ಖಾಲಿ ಆತಲ್ಲ? ಡಬ್ಬಿ ತೊಳದೀಯೇನು?”



“ನೋಡ್ರಿ, ಇಂಥ ಫೋನ್ ಬಂದ್ರ ಮಾತು ಬೆಳಸಬ್ಯಾಡ ಅಂತ ನಮ್ಮ ಮಾವ ಹೇಳ್ಯಾರ,” ಎಂದವನೇ ಪ್ರವೀಣಕುಮಾರ್ ಕಟ್ ಮಾಡಿದ.

ಉಜ್ಜಿನಪ್ಪನವರು ಮನೆಗೆ ಬಂದಾಗ ಅರ್ಚನಾ ಚೀಲದ ಮುಂದೆ ಹಾಗೆಯೇ ಕೂತಿದ್ದಳು. ಪ್ರವೀಣ ಏನಂದ ಎಂದು ಕೇಳಿದಳು.

“ಭಾಳ ಹುಷಾರದಾನ ಹುಡುಗ. ಅವನ ಮನ್ಯಾಗ ಇಳಕೊ, ಚಿಂತಿಲ್ಲ.”

“ಹಂಗಾರ ಹೂಂ ಅಂತೀರೇನು?”

ಅವರು ಗೋಡೆಯ ಬದಿಯಿಂದ ಹೊನ್ನೂರಮ್ಮನ ಪೊಟ್ಟಣ ತಂದು, ಬಿಚ್ಚಿದ ದಾರವನ್ನು ತಾವೇ ಕಟ್ಟಿ, ಚೀಲದೊಳಗಿಟ್ಟು ಜಿಪ್ಪು ಎಳೆದರು. ಆಮೇಲೆ, ಅಂಟಿನುಂಡಿ ಇಟ್ಟಿದ್ದು ಅವಳನ್ನು ಪರೀಕ್ಷೆ ಮಾಡುವುದಕ್ಕೇ ಎಂದು ಗೋಡೆಗೆ ಹೇಳಿ, ಹೂಂ ಅಂದರು.

ಡಬ್ಬಿ ಕೊಟ್ಟೂರಿನಲ್ಲೇ ಉಳಿಯಿತು. ಅರ್ಚನಾಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಪಕ್ಕದ ಮನೆಯಾಕೆ ಮಾತಾಡಿಸಲು ಬಂದಳು. ನಾಗಲಿಂಗಮ್ಮ ಅವಳ ಕೈಗೆ ಒಂದು ಉಂಡೆ ಕೊಡುವುದನ್ನು ಕಂಡ ಉಜ್ಜಿನಪ್ಪನವರು ಎದ್ದು, ಓಣಿಯ ಎರಡೂ ಕಡೆ ನೋಡಿ, ಬಾಗಿಲು ಮುಂದೆ ಮಾಡಿದರು.